ಎಂಟು ಅಂಗಿಗೆ ಒಂದು ದಿನದ ಉಪ್ಪು

ಸೇತ್ ಆಗ್ಡನ್‌ಗೆ ತನ್ನ ಸೈನ್ಯದ ಮೇಲಿದ್ದ ಸಿಟ್ಟಿನ ಕಾಲುಭಾಗವೂ ಜಪಾನಿನವರ ಮೇಲೆ ಇರಲಿಲ್ಲ. ಜಪಾನಿನವನು ಕಾಡಿನಲ್ಲಿ ಅಡಗಿ ಕೂತು ಗುಂಡು ಹೊಡೆಯುತ್ತಿದ್ದ. ಅವನ ಕೆಲಸ ಅದು, ಅವನು ಮಾಡುತ್ತಿದ್ದ. ಆದರೆ ಹಸಿರು ಕಾಡಿಗೆ ಮರಳಿನ ಬಣ್ಣದ ಅಂಗಿ ತೊಡಿಸಿ ಕಳಿಸಿದವರು ಯಾರು? ಜಪಾನಿನವರಂತೂ ಅಲ್ಲ.

ಸಾವಿರದ ಒಂಬೈನೂರ ನಲವತ್ನಾಲ್ಕರ ಜನವರಿ, ಬರ್ಮಾದ ಕಬಾವ್ ಕಣಿವೆ. ಚಿಂದ್ವಿನ್ ನದಿಗೆ ಒಂದು ದಿನದ ನಡಿಗೆ ಇರುವಷ್ಟು ಈಚೆಗೆ ಸೇತ್‌ನ ಕಂಪನಿ ಡೇರೆ ಹೊಡೆದಿತ್ತು. ನೂರಹತ್ತು ಜನ, ಮುಕ್ಕಾಲುಪಾಲು ಲ್ಯಾಂಕಾಷೈರಿನ ಗಿರಣಿ ಊರುಗಳವರು. ಅವರ ಮೈಮೇಲಿದ್ದ ಸಾಮಾನನ್ನು ನೋಡಿದರೆ ಇವರನ್ನು ಯುದ್ಧಕ್ಕೆ ಕಳಿಸಿದರೋ ನಾಟಕಕ್ಕೆ ಕಳಿಸಿದರೋ ಅನ್ನಿಸಬೇಕು. ಬೂಟಿನ ಅಡಿಗೆ ಕಬ್ಬಿಣದ ಮೊಳೆ. ಬಂಡೆಯ ಮೇಲೆ ಕಾಲಿಟ್ಟರೆ ಲಾಳ ಕಟ್ಟಿದ ಕುದುರೆ ಬಂದ ಸದ್ದು. ಹೆಗಲಿಗೂ ಸೊಂಟಕ್ಕೂ ದಪ್ಪ ಕ್ಯಾನ್ವಾಸಿನ ಪಟ್ಟಿ. ನೆನೆದರೆ ಬಿಗಿದುಕೊಂಡು ಬಕಲ್ ಬಿಚ್ಚಲು ಬಾರದು, ಒಣಗಿದರೆ ಸೆಟೆದುಕೊಂಡು ಕಂಕುಳನ್ನು ಕೊಯ್ಯುತ್ತದೆ. ಆ ಹಿತ್ತಾಳೆ ಬಕಲ್ಲನ್ನು ದಿನಾ ಬೆಳಿಗ್ಗೆ ಫಳಫಳ ಹೊಳೆಯುವ ಹಾಗೆ ಉಜ್ಜಬೇಕು. ಗಸ್ತಿಗೆ ಹೊರಡುವಾಗ ಅದೇ ಬಕಲ್ಲಿಗೆ ಕೆಸರು ಮೆತ್ತಬೇಕು. ಎರಡಕ್ಕೂ ಲಿಖಿತ ಆರ್ಡರು ಇತ್ತು.

ಒಳಗೆ ತೊಡುವ ಬನಿಯನ್ನು ಹಾಲಿನಂಥ ಬಿಳುಪು. ಡಿಸೆಂಬರಿನಲ್ಲಿ ಆಲ್ಫ್ ಟಾಂಗ್ ಅನ್ನುವವನು ಹೊಳೆಗೆ ಬಗ್ಗಿ ಬಾಟ್ಲಿಗೆ ನೀರು ತುಂಬುತ್ತಿದ್ದ. ಅಂಗಿಯ ಕುತ್ತಿಗೆ ಜಾರಿ ಬನಿಯನ್ನು ನಾಲ್ಕು ಬೆರಳಿನಷ್ಟು ಕಂಡಿತು. ಆಚೆ ದಡದಿಂದ ಒಂದೇ ಗುಂಡು, ಸರಿಯಾಗಿ ಆ ನಾಲ್ಕು ಬೆರಳಿಗೆ. ಆಲ್ಫ್ ಸೇತ್‌ನ ಪಕ್ಕದ ಬೀದಿಯವನು. ಅವನನ್ನು ಮಣ್ಣು ಮಾಡುವಾಗಲೂ ಬಕಲ್ ಉಜ್ಜಿಸಿದ್ದರು.

ಈಗ ಸೇತ್ ಸೇರಿದಂತೆ ಅವನ ತುಕಡಿಯ ಎಂಟು ಜನ ಶುಕ್ರವಾರ ಚಿಂದ್ವಿನ್ ದಡಕ್ಕೆ ಹೋಗಿ, ಎರಡು ದಿನ ಬಿದಿರುಮೆಳೆಯಲ್ಲಿ ಬಿದ್ದುಕೊಂಡು, ಜಪಾನಿನವರು ಎಲ್ಲಿ ನದಿ ದಾಟುತ್ತಾರೆಂದು ನೋಡಿ ಬರಬೇಕಿತ್ತು. ಎಂಟು ಜನರಲ್ಲಿ ಎಷ್ಟು ಜನ ವಾಪಸ್ಸು ಬರುತ್ತಾರೆ ಅನ್ನುವುದು ಅವರ ಬಟ್ಟೆಯ ಬಣ್ಣದ ಮೇಲೆ ನಿಂತಿತ್ತು. ಅದು ಸೇತ್‌ಗೆ ಗೊತ್ತಿದ್ದಷ್ಟು ಆ ಕಂಪನಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನು ಕಸುಬಿನ ಬಣ್ಣಗಾರ.

ಹದಿನಾಲ್ಕನೇ ವಯಸ್ಸಿಗೆ ಮಿಡ್ಲ್‌ಟನ್ ಊರಿನ ಬಣ್ಣದ ಕಾರ್ಖಾನೆ ಸೇರಿದವನು. ಹದಿನಾರು ವರ್ಷ ಕೊಪ್ಪರಿಗೆಯ ಮುಂದೆ ನಿಂತವನು. ಮೊಣಕೈವರೆಗೆ ಹತ್ತಿದ ನೀಲಿ ಮದುವೆಯ ದಿನವೂ ಹೋಗಿರಲಿಲ್ಲ. ಕೊನೆಗೆ ಮಾಲೀಕ ಬಟ್ಟೆ ಕುದಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿ, ಮಿಕ್ಕ ಅರ್ಧದಲ್ಲಿ ಇನ್ನೊಂದು ಲಾಟು ತೆಗೆಯಿರಿ ಅಂದ. "ಅರ್ಧ ಬೇಯಿಸಿದ ಬಣ್ಣ ಗಿರಾಕಿಗೆ ಮಾಡೋ ಮೋಸ, ನಮಗೆ ಮಾಡೋ ಮೋಸ" ಎಂದು ಸೇತ್ ಹತ್ತೊಂಬತ್ತು ಜನರನ್ನು ಹೊರಗೆ ಕರೆದುಕೊಂಡು ಬಂದ. ಹನ್ನೊಂದು ವಾರ ಬಾಗಿಲ ಮುಂದೆ ಕೂತರು. ಸೋತರು. ಹತ್ತೊಂಬತ್ತು ಜನರನ್ನೂ ವಾಪಸ್ಸು ತೆಗೆದುಕೊಂಡರು, ಇವನೊಬ್ಬನನ್ನು ಬಿಟ್ಟು. ಆಮೇಲೆ ಯುದ್ಧ ಬರುವವರೆಗೂ ರಸ್ತೆಗೆ ಜಲ್ಲಿ ಹಾಕಿದ. ಸೈನ್ಯಕ್ಕೆ ಸೇರುವಾಗ ಗುಮಾಸ್ತ ಕಸುಬು ಕೇಳಿದ. ಅವನ ಅಚ್ಚಿನ ಪಟ್ಟಿಯಲ್ಲಿ ಬಣ್ಣಗಾರ ಅನ್ನುವ ಸಾಲೇ ಇರಲಿಲ್ಲ. ಕೂಲಿ ಅಂತ ಬರೆದುಕೊಂಡ.

ಸೋಮವಾರ ಬೆಳಿಗ್ಗೆ ಹಸಿರು ಬಣ್ಣದ ಪುಡಿಯ ಎರಡು ಮೂಟೆ ಹೇಸರಗತ್ತೆಯ ಮೇಲೆ ಬಂದವು. ಬಟ್ಟೆಯನ್ನೆಲ್ಲ ಇಲ್ಲೇ ಅದ್ದಿಕೊಳ್ಳಿ ಅಂತ ಆರ್ಡರು. ಸೇತ್ ಮೂಟೆಯ ಮೇಲಿನ ಚೀಟಿ ಓದಿದ. ಒಳ್ಳೆಯ ಪುಡಿಯೇ. ನಾಲ್ಕು ವರ್ಷದಲ್ಲಿ ಮೊದಲ ಸಲ ಸೈನ್ಯ ಒಂದು ಸರಿಯಾದ ಕೆಲಸ ಮಾಡಿದೆ ಅಂದುಕೊಂಡು ಉಗ್ರಾಣದ ಡೇರೆಗೆ ಹೋದ. ಉಗ್ರಾಣದ ಸಾರ್ಜೆಂಟ್ ಡಂಕರ್ಲಿ, ಊರಿನಲ್ಲಿ ರೈಲ್ವೆಯ ಕಳೆದುಹೋದ ಸಾಮಾನಿನ ಕಚೇರಿಯಲ್ಲಿದ್ದವನು. ಯಾವ ಸಾಮಾನನ್ನೂ ಯಾರಿಗೂ ಕೊಡದೆ ಇರುವುದರಲ್ಲಿ ಇಪ್ಪತ್ತು ವರ್ಷ ಪಳಗಿದ್ದ.

"ಸಾರ್ಜೆಂಟ್, ಬಣ್ಣದ ಕೆಲ್ಸ ನನಗೆ ಕೊಡಿ. ಹದಿನಾರು ವರ್ಷ ಅದನ್ನೇ ಮಾಡಿದೀನಿ."

"ನಿನ್ನ ಸಂಬಳದ ಪುಸ್ತಕದಲ್ಲಿ ಕೂಲಿ ಅಂತಿದೆ."

"ಗುಮಾಸ್ತನ ಪಟ್ಟೀಲಿ ನನ್ನ ಕಸುಬು ಇರ್ಲಿಲ್ಲ."

"ಪಟ್ಟೀಲಿ ಇಲ್ಲ ಅಂದ್ರೆ ಸೈನ್ಯದಲ್ಲೂ ಇಲ್ಲ ಕಣಯ್ಯ. ಆಗ್ಲೇ ಗಬಿನ್ಸ್‌ಗೆ ಹೇಳಾಗಿದೆ. ಅವನಿಗೆ ಅನುಭವ ಇದೆ."

"ಗಬಿನ್ಸ್? ಕ್ಷೌರದ ಗಬಿನ್ಸಾ? ಅವನಿಗೇನು ಅನುಭವ?"

"ಬ್ಲ್ಯಾಕ್‌ಪೂಲಿನಲ್ಲಿ ಹೆಂಗಸರ ತಲೆಗೆ ಬಣ್ಣ ಹಚ್ಚೋನು."

"ಅದು ಕೂದ್ಲು, ಸಾರ್ಜೆಂಟ್!"

"ಬಣ್ಣ ಬಣ್ಣಾನೇ. ಕೇಳಿಲ್ಲಿ, ಒಬ್ಬೊಬ್ಬನ ಎರಡು ಜೊತೆ ಬಟ್ಟೇಲಿ ಒಂದು ಜೊತೆ ನಾಳೆ ಬೆಳಿಗ್ಗೆಗೆ ವಾಪಸ್ ಕೊಡ್ಬೇಕು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಚಿ."

ಸೇತ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಬಣ್ಣಕ್ಕೆ ಅದ್ದೋ ಬಟ್ಟೆಗೆ ಗಂಜಿಯಾ? ಬಣ್ಣ ಕಚ್ಚೋದೇ ಇಲ್ವಲ್ಲ!"

"ಉಗ್ರಾಣದೊಳಕ್ಕೆ ಮುದುರಿದ ಬಟ್ಟೆ ಇವತ್ತಿನವರೆಗೂ ಬಂದಿಲ್ಲ. ಇನ್ಮುಂದೇನೂ ಬರಲ್ಲ."

ಬಟ್ಟೆ ಒಗೆಯುತ್ತಿದ್ದ ನಿತಾಯಿ ಸಿಲ್ಹೆಟ್ ಕಡೆಯ ದೋಬಿ. ದೊಡ್ಡ ಹಂಡೆಯಲ್ಲಿ ಅಕ್ಕಿಗಂಜಿ ಕಾಯಿಸುತ್ತ ಕೂತಿದ್ದವನು ಸೇತ್‌ನ ಮುಖ ನೋಡಿ ನಕ್ಕ. "ಹೊಟ್ಟೆ ತುಂಬ ಗಂಜಿ ಕುಡಿದ ಬಟ್ಟೆ ಆಮೇಲೆ ಬಣ್ಣ ಕುಡಿಯುತ್ತಾ ಸಾಬ್? ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು."

"ಗೊತ್ತಿದ್ರೆ ನೀನ್ಯಾಕೆ ಹೇಳ್ಲಿಲ್ಲ ಮಾರಾಯ?"

"ನೀವು ಗೋರಾ ಜಾತಿ, ನಿಮ್ಮ ಮಾತೇ ಅವರು ಕೇಳಲ್ಲ. ನಾನು ಹೇಳಿ ಇರೋ ಕೆಲ್ಸಾನೂ ಕಳ್ಕೊಳ್ಳಲಾ?"

ಸೇತ್ ತನ್ನ ಅಂಗಿ, ಷರಾಯಿಯನ್ನೂ ಅವನ ರಾಶಿಗೆ ಎಸೆದು ಡೇರೆಗೆ ನಡೆದ.

ಮಂಗಳವಾರ ಸ್ಟ್ಯಾನ್ಲಿ ಗಬಿನ್ಸ್ ನಾಲ್ಕು ಪೆಟ್ರೋಲ್ ಡ್ರಮ್ಮುಗಳ ಬಾಯಿ ಕೊಯ್ಯಿಸಿ, ಅಡಿಗೆ ಬೆಂಕಿ ಹಾಕಿ, ನೀರು ಬೆಚ್ಚಗಾಗುವ ಮೊದಲೇ ಪುಡಿ ಸುರಿದ. ಗಂಜಿಯಿಂದ ತಗಡಿನಂತಾಗಿದ್ದ ಅಂಗಿಗಳನ್ನು ಒಣಗಿದ್ದಂತೆಯೇ ಎತ್ತಿ ಒಳಗೆ ತುರುಕಿದ. ಮುಳುಗದೆ ತೇಲಿದವನ್ನು ಡೇರೆಯ ಗೂಟದಿಂದ ಚುಚ್ಚಿದ. ಇಪ್ಪತ್ತು ನಿಮಿಷಕ್ಕೆ ತೆಗೆದ. ಸೇತ್ ಹತ್ತು ಮಾರು ದೂರದಲ್ಲಿ ಕೈಕಟ್ಟಿ ನಿಂತು ಇಷ್ಟನ್ನೂ ನೋಡಿದ. ಎರಡು ಸಲ ಹತ್ತಿರ ಹೋಗಿ, "ಏನಾದ್ರೂ ಬೇಕಾ ಗಬಿನ್ಸ್?" ಅಂದ. ಎರಡು ಸಲವೂ ಗಬಿನ್ಸ್ ಬೆವರು ಒರೆಸಿಕೊಂಡು, "ಏನೂ ಬೇಡ, ಸಾರ್ಜೆಂಟ್ ಎಲ್ಲ ಹೇಳಿದಾರೆ" ಅಂದ. ಸೇತ್ ವಾಪಸ್ಸು ಬಂದು ಕೈಕಟ್ಟಿಕೊಂಡ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದರೆ, ಇಲ್ಲ. ಬಣ್ಣಗಾರರಲ್ಲಿ ಒಂದು ಕಟ್ಟು ಇತ್ತು: ಒಬ್ಬನ ಕೊಪ್ಪರಿಗೆಗೆ ಇನ್ನೊಬ್ಬ ಕೈ ಹಾಕಬಾರದು, ಅವನಾಗಿಯೇ ಕರೆಯುವವರೆಗೆ ಬಾಯಿಯನ್ನೂ ಹಾಕಬಾರದು. ಮಾಲೀಕರು ಒಬ್ಬನ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸಿ ಮೊದಲಿನವನನ್ನು ಓಡಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಕಟ್ಟು ಅದು. ಅದನ್ನು ಮುರಿದವನ ಜೊತೆ ಕಾರ್ಖಾನೆಯಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಸೇತ್‌ನ ಅಪ್ಪ ಅದನ್ನು ಮುರಿದಿರಲಿಲ್ಲ, ಸೇತ್ ಕೂಡ ಮುರಿದಿರಲಿಲ್ಲ. ಹೆಂಗಸರ ತಲೆಗೆ ಬಣ್ಣ ಹಚ್ಚುವವನಾದರೇನು, ಕೊಪ್ಪರಿಗೆ ಈಗ ಅವನದು.

ಬುಧವಾರ ಹೊಳೆಯ ದಡದಲ್ಲಿ ಕಂಪನಿಯನ್ನು ಹಸಿರು ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದರು. ಗಂಜಿ ದಪ್ಪ ಇದ್ದಲ್ಲಿ ಬಿಳಿಚಿಕೊಂಡು, ಹೊಲಿಗೆಯಲ್ಲಿ ಕಪ್ಪಗೆ ಹೆಪ್ಪುಗಟ್ಟಿ, ಒಬ್ಬೊಬ್ಬನೂ ಹುಳ ತಿಂದ ಎಲೆಕೋಸಿನಂತೆ ಕಾಣುತ್ತಿದ್ದ. ಮೇಜರ್ ಹೇವುಡ್ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ.

"ಭೇಷ್ ಡಂಕರ್ಲಿ. ಗಿಡ ಯಾವುದು, ಮನುಷ್ಯ ಯಾವುದು, ಗೊತ್ತೇ ಆಗಲ್ಲ."

ಸೇತ್ ಸಾಲಿನಿಂದ ಹೊರಗೆ ಬಂದ. ಯಾರನ್ನೂ ನೋಡದೆ, ಬಂದೂಕನ್ನು ಪಕ್ಕದವನ ಕೈಗೆ ಕೊಟ್ಟು, ನೆಟ್ಟಗೆ ಹೊಳೆಗೆ ಇಳಿದ. ಮೊಣಕಾಲು, ಸೊಂಟ, ಕುತ್ತಿಗೆ, ಮೂಗು. "ಆಗ್ಡನ್! ನಿಂತ್ಕೊಳೋ! ಹುಚ್ಚು ಹಿಡೀತೇನೋ ನಿಂಗೆ!" ಎಂದು ಡಂಕರ್ಲಿ ದಡದಲ್ಲಿ ಕುಣಿದಾಡಿದ. ಸೇತ್‌ನ ಸುತ್ತ ನೀರು ಪಾಚಿಯಂತೆ ಹಸಿರಾಗಿ ಹರಿದು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರ ಬಗ್ಗೆ ಕೇಳಿದ್ದೇವೆ. ಇವನು ಮೇಜರನ ಕಾಡನ್ನೇ ತೊಳೆದುಬಿಟ್ಟ. ವಾಪಸ್ಸು ಬಂದು ಸಾಲಿನಲ್ಲಿ ನಿಂತಾಗ ಅಂಗಿ ಮತ್ತೆ ಮರಳಿನ ಬಣ್ಣಕ್ಕೆ ಬಂದಿತ್ತು. ಕುತ್ತಿಗೆ, ಕೈ, ಮೀಸೆ ಮಾತ್ರ ಹಸಿರು.

"ಮೇಜರ್ ಸಾಹೇಬ್ರೇ, ಇಲ್ಲಿಂದ ಚಿಂದ್ವಿನ್‌ವರೆಗೆ ಇಂಥ ಹೊಳೆ ಹದಿನೇಳು ದಾಟ್ಬೇಕು. ಇದು ಒಂದನೇದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಜರ್ ಸೇತ್‌ನ ಮೀಸೆಯನ್ನೇ ಬಹಳ ಹೊತ್ತು ನೋಡಿದ. ಅವನು ಕೆಟ್ಟವನಲ್ಲ, ಹೇಳುವವರಿಲ್ಲದೆ ಏನೂ ತಿಳಿಯದ ಜಾತಿಯ ದೊಡ್ಡ ಮನುಷ್ಯ. ಸಾಲು ಬಿಟ್ಟಿದ್ದಕ್ಕೆ ಏಳು ದಿನ ಕಕ್ಕಸುಗುಂಡಿ ತೋಡುವ ಶಿಕ್ಷೆ ಕೊಟ್ಟ, ಗಸ್ತು ಮುಗಿಸಿ ಬಂದ ಮೇಲೆ. ಹೋಗುವಾಗ ಡಂಕರ್ಲಿಗೆ ಅಂದ, "ಶುಕ್ರವಾರದೊಳಗೆ ಕೊನೇಪಕ್ಷ ಆ ಎಂಟು ಜನರ ಬಟ್ಟೆ ಸರಿ ಆಗ್ಬೇಕು. ಹೇಗೆ ಅಂತ ನನ್ನ ಕೇಳ್ಬೇಡ."

ಸೇತ್ ಒದ್ದೆ ಬೂಟು ಬಿಚ್ಚುತ್ತಿರುವಾಗ ಗಬಿನ್ಸ್ ಬುಸುಗುಟ್ಟುತ್ತ ಬಂದ. ಕಣ್ಣು ಕೆಂಪಗಿದ್ದವು.

"ಇಡೀ ಕಂಪನಿ ಎದುರಿಗೆ ನನ್ನ ಮರ್ಯಾದೆ ತೆಗೆದ್ಯಲ್ಲ ತಾತ! ನೆನ್ನೆ ಹತ್ತು ಗಂಟೆ ಕಾಲ ಅಲ್ಲೇ ಗೂಟ ಹೊಡ್ಕೊಂಡು ನಿಂತಿದ್ಯಲ್ಲ. ಬಾಯಲ್ಲೇನು ಕಡುಬಿತ್ತಾ?" ಮೂವತ್ತಾರು ವರ್ಷದ ಸೇತ್‌ನನ್ನು ಕಂಪನಿಯ ಹುಡುಗರೆಲ್ಲ ತಾತ ಅಂತಲೇ ಕರೆಯುತ್ತಿದ್ದರು.

"ಎರಡು ಸಲ ಕೇಳಿದೆ. ನೀನೇ ಬೇಡ ಅಂದೆ."

"ಬೇಕಾ ಅಂದ್ರೆ ಚಹಾ ಬೇಕಾ ಅಂತ ಅನ್ಕೊಂಡೆ! ನನಗೇನು ಗೊತ್ತು?"

"ನಿನ್ನ ಕೊಪ್ಪರಿಗೆ. ನೀನು ಕರೀದೆ ನಾನು ಕೈ ಹಾಕೋ ಹಾಗಿಲ್ಲ. ನಮ್ಮ ಕಸುಬಿನ ಕಟ್ಟು ಅದು."

"ನಿಮ್ಮ ಕಟ್ಟಿಗೆ ಬೆಂಕಿ ಬೀಳ! ಮುಂದೆ ಬಂದು ಮಾತಾಡಕ್ಕಾಗಲ್ಲ, ಹೊಳೆಗೆ ಹಾರಕ್ಕಾಗುತ್ತೆ. ಆ ಎಂಟು ಜನ ಸತ್ತಿದ್ರೆ ನಿಮ್ಮ ಕಟ್ಟು ಬಂದು ಹೂಳ್ತಿತ್ತಾ?"

ಸೇತ್ ನಾಲ್ಕು ವರ್ಷ ಸೈನ್ಯವನ್ನು ಬೈದುಕೊಂಡೇ ಬಂದವನು. ಪುಸ್ತಕದಲ್ಲಿದೆ, ಪಟ್ಟಿಯಲ್ಲಿಲ್ಲ ಅಂತ ಹೇಳುವ ಡಂಕರ್ಲಿಗೂ, ಕರೆದರೆ ಮಾತ್ರ ಬರುತ್ತೇನೆ ಅನ್ನುವ ತನಗೂ ಎಷ್ಟು ಅಂತರ? ಒಂದು ಇಡೀ ದಿನ ಹಾಳು ಮಾಡಿದ್ದ. ತಪ್ಪಾಯ್ತು ಅನ್ನುವ ಮಾತು ಅವನ ಗಂಟಲಿಗೆ ಸುಲಭವಾಗಿ ಬರುವಂಥದ್ದಲ್ಲ.

"ಆಯ್ತು. ತಪ್ಪು ನಂದೂ ಇದೆ. ಈಗ ಕರಿ."

"ಏನು?"

"ಕರಿಯೋ, ಪುಣ್ಯಾತ್ಮ!"

"ಬಾರೋ ತಾತ, ಬಂದು ನನ್ನ ಡ್ರಮ್ಮಿಗೆ ಕೈ ಹಾಕು," ಅಂದ ಗಬಿನ್ಸ್, ಅಳುವವನಂತೆ.

ಗುರುವಾರ ಬೆಳಕು ಹರಿಯುತ್ತಲೇ ಎಂಟು ಜೊತೆ ಅಂಗಿ, ಷರಾಯಿ, ಹದಿನಾರು ಬನಿಯನ್ನು ಸೋಪಿನ ನೀರಿನಲ್ಲಿ ಕುದಿಯಲು ಬಿದ್ದವು. ಡಂಕರ್ಲಿಯ ಗಂಜಿಯೆಲ್ಲ ಬಿಡಬೇಕಿತ್ತು. ಆಮೇಲೆ ಬಣ್ಣ ಕಚ್ಚಲು ಉಪ್ಪು ಬೇಕು. ಹಿಡಿಯಷ್ಟಲ್ಲ, ಎರಡು ಸೇರು. ಉಪ್ಪಿಲ್ಲದಿದ್ದರೆ ಆ ಪುಡಿ ನೀರಿನಲ್ಲಿಯೇ ಉಳಿಯುತ್ತದೆ, ನೂಲಿಗೆ ಹತ್ತುವುದಿಲ್ಲ. ಕಂಪನಿಯಲ್ಲಿದ್ದ ಉಪ್ಪೆಲ್ಲ ಅಡುಗೆಯದು, ಅದರ ಬೀಗದ ಕೈ ಡಂಕರ್ಲಿಯ ಸೊಂಟದಲ್ಲಿ.

"ಉಪ್ಪು ಊಟದ ಬಾಬ್ತು," ಅಂದ ಡಂಕರ್ಲಿ. "ಬಟ್ಟೆ ಉಡುಪಿನ ಬಾಬ್ತು. ಆ ಬಾಬ್ತಿನದು ಈ ಬಾಬ್ತಿಗೆ ಹೋಗಲ್ಲ. ಮೇಲಿಂದ ಕಾಗದ ತರಿಸು, ಕೊಡ್ತೀನಿ."

"ಮೇಲಿಂದ ಕಾಗದ ಬರಕ್ಕೆ ಎಷ್ಟು ದಿನ?"

"ಹೇಸರಗತ್ತೆ ಕಾಲು ಗಟ್ಟಿ ಇದ್ರೆ ಒಂಬತ್ತು."

ಸೇತ್ ಕೂಗಾಡಲಿಲ್ಲ. ಸೈನ್ಯದ ಕಾನೂನು ಪುಸ್ತಕವನ್ನು ಆ ಕಂಪನಿಯಲ್ಲಿ ಪೂರ್ತಿ ಓದಿದ್ದವನು ಅವನೊಬ್ಬನೇ. ಹಳೇ ಮುಷ್ಕರದವನಿಗೆ ಎದುರಾಳಿಯ ಪುಸ್ತಕ ಓದುವ ಚಾಳಿ. ಸಿಪಾಯಿಗಳು ಇಬ್ಬರು ಸೇರಿ ದೂರು ಕೊಟ್ಟರೆ ಅದು ದಂಗೆ. ಒಬ್ಬನೇ ಬಂದು ತನ್ನೊಬ್ಬನ ವಿಷಯ ಹೇಳಿದರೆ ಅದು ಹಕ್ಕು, ಮೇಲಿನವನು ಕೇಳಿಸಿಕೊಳ್ಳಲೇಬೇಕು. ಸೇತ್ ಬೆಳಗಿನ ಗಂಜಿಗೆ ತಟ್ಟೆ ಹಿಡಿದು ನಿಂತಿದ್ದವರ ಹತ್ತಿರ ಹೋಗಿ ಬೆಂಕಿಪೊಟ್ಟಣ ಕೇಳಿದ. ಬೀಡಿಯಂಥ ಸಿಗರೇಟು ಹಚ್ಚಿಕೊಂಡ.

"ನಾನು ಯಾರಿಗೂ ಏನೂ ಹೇಳ್ತಿಲ್ಲ. ಹೇಳಿದ್ರೆ ದಂಗೆ. ಇವತ್ತು ನನ್ನ ಊಟಕ್ಕೆ ಉಪ್ಪು ಬೇಡ ಅಂತ ಸಾರ್ಜೆಂಟ್‌ಗೆ ಹೇಳಕ್ಕೆ ಹೋಗ್ತಿದೀನಿ. ನನ್ನೊಬ್ಬಂದು."

"ಯಾಕೆ ತಾತ, ಪಥ್ಯಾನಾ?"

"ಬಟ್ಟೆಗೆ ಬೇಕು. ನೂರು ಜನರ ಒಂದು ದಿನದ ಉಪ್ಪು ಆದ್ರೆ ಎಂಟು ಜನರ ಅಂಗಿ ಆಗುತ್ತೆ. ಮುಂದಿನ ವಾರ ಹೋಗೋರಿಗೆ ಇನ್ನೊಂದು ದಿನ."

"ಆ ಒಣಗಿಸಿದ ಆಲೂಗಡ್ಡೇಲಿ ಇರೋದೇ ಉಪ್ಪಿನ ರುಚಿ ಕಣೋ," ಎಂದು ಒಬ್ಬ ಗೊಣಗಿದ. "ಅದನ್ನೂ ಕಿತ್ಕೊಂಡ್ರೆ ಅದು ಗೋಡೆಗೆ ಬಳಿಯೋ ಸುಣ್ಣ."

"ಸುಣ್ಣ ತಿನ್ನು. ಸಾಯಲ್ಲ."

ಉಗ್ರಾಣದ ಮುಂದೆ ಸಾಲು ಬೆಳೆಯಿತು. ಮೊದಲು ಸೇತ್. "ಸಾರ್ಜೆಂಟ್, ನನ್ನೊಬ್ಬನ ಪರವಾಗಿ ಹೇಳ್ತಿದೀನಿ. ಇವತ್ತು ನನಗೆ ಉಪ್ಪು ಬೇಡ." ಆಮೇಲೆ ಗಬಿನ್ಸ್. "ನನ್ನೊಬ್ಬನ ಪರವಾಗಿ." ಆಮೇಲೆ ಮುಂದಿನವನು. ಡಂಕರ್ಲಿ ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ಬರೆದುಕೊಳ್ಳಲು ಶುರುಮಾಡಿದ, ಏಕೆಂದರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಂತಿತ್ತು. ನಲವತ್ತನೆಯವನ ಹೊತ್ತಿಗೆ ಬೆರಳು ಸೆಟೆದುಕೊಂಡಿತು.

"ಇದು ಸಂಚು! ಎಲ್ಲರೂ ಒಂದೇ ಮಾತು ಹೇಳ್ತಿದೀರಿ!"

"ಎಲ್ಲರೂ ಯಾರು ಸಾರ್ಜೆಂಟ್?" ನಲವತ್ತೊಂದನೆಯವನು ಸುತ್ತ ನೋಡಿದ. "ನಾನೊಬ್ನೇ ಬಂದಿರೋದು."

ಹದಿಮೂರು ಜನ ಬರಲಿಲ್ಲ. ಯಾವ ಮುಷ್ಕರದಲ್ಲಾದರೂ ಹದಿಮೂರು ಜನ ಇದ್ದೇ ಇರುತ್ತಾರೆ. ಸೇತ್ ಅವರ ಹೆಸರು ಕೇಳಲಿಲ್ಲ.

ಗಲಾಟೆಗೆ ಮೇಜರ್ ಮುಖಕ್ಕೆ ಹಚ್ಚಿದ ಸೋಪಿನ ನೊರೆಯಲ್ಲೇ ಹೊರಗೆ ಬಂದ. ಡಂಕರ್ಲಿ ಪುಸ್ತಕ ಚಾಚಿದ. "ಸರ್, ಎಪ್ಪತ್ತೆರಡು ಜನಕ್ಕೆ ಉಪ್ಪು ಬೇಡವಂತೆ. ಇನ್ನೂ ಬರ್ತಾನೇ ಇದಾರೆ."

"ಬೇಡ ಅಂದ್ರೆ ಹಾಕ್ಬೇಡಿ. ಅದಕ್ಕೆ ನನ್ನ ಯಾಕೆ ಕರೀತೀಯ?"

"ಆದ್ರೆ ಉಳಿದ ಉಪ್ಪನ್ನ ಏನ್ಮಾಡ್ಲಿ ಸರ್? ಉಳಿದ ಉಪ್ಪಿಗೆ ಕಾಲಮ್ಮೇ ಇಲ್ಲ."

ಮೇಜರ್ ಹೊಗೆಯಾಡುತ್ತಿದ್ದ ಡ್ರಮ್ಮಿನ ಕಡೆ ನೋಡಿದ. ಅಲ್ಲಿ ನಿತಾಯಿ ಮತ್ತು ಸೇತ್ ಕೋಲು ಹಿಡಿದು ನಿಂತಿದ್ದರು. "ಕಾಲಮ್ ಇಲ್ದೇ ಇದ್ರೆ ಎಸೆದುಬಿಡು," ಅಂದ ಮೇಜರ್. "ಅಗೋ, ಆ ಡ್ರಮ್ಮಿಗೆ ಎಸಿ."

ಸೇತ್ ಮೊದಲು ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿದ. ಪುಡಿಯನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಗಂಟು ಒಡೆದು, ಸೋಸಿ ಸುರಿದ. ಉಪ್ಪನ್ನು ಮೂರು ಸಲಕ್ಕೆ ಹಾಕಿದ. "ಒಂದೇ ಸಲ ಹಾಕಿದ್ರೇನಾಗುತ್ತೆ?" ಅಂತ ಗಬಿನ್ಸ್ ಕೇಳಿದ್ದಕ್ಕೆ, "ಒಂದೇ ಸಲ ಮೂರು ಹೊತ್ತಿನ ಊಟ ನಿನ್ನ ಬಾಯಿಗೆ ತುರುಕಿದ್ರೇನಾಗುತ್ತೆ?" ಅಂದ. ಒಂದೂಕಾಲು ಗಂಟೆ ಕೋಲು ನಿಲ್ಲಿಸಲು ಬಿಡಲಿಲ್ಲ. ಗಬಿನ್ಸ್ ಸೋತಾಗ ನಿತಾಯಿ, ನಿತಾಯಿ ಸೋತಾಗ ಗಬಿನ್ಸ್. ಡ್ರಮ್ಮಿನ ನೀರು ನಿಧಾನಕ್ಕೆ ತಿಳಿಯಾಗುತ್ತ ಬಂತು. ಬಣ್ಣ ಬಟ್ಟೆಗೆ ಇಳಿಯುತ್ತಿತ್ತು. ಕೊನೆಗೆ ಎತ್ತಿದ ಅಂಗಿಯನ್ನು ಹೊಳೆಯಲ್ಲಿ ನಾಲ್ಕು ಸಲ ಜಾಲಾಡಿಸಿ, ಬಿಳಿ ಕರವಸ್ತ್ರದಲ್ಲಿ ಸುತ್ತಿ ಹಿಂಡಿದ. ಕರವಸ್ತ್ರ ಬಿಳಿಯಾಗಿಯೇ ಬಂತು. ಬನಿಯನ್ನುಗಳು ಹಲಸಿನೆಲೆಯ ಬಣ್ಣಕ್ಕೆ ತಿರುಗಿ ಬಿದಿರಿನ ಗಳುವಿನ ಮೇಲೆ ತೂಗಾಡಿದವು.

ಆ ದಿನ ಮಧ್ಯಾಹ್ನ ಕಂಪನಿಯವರು ಆಲೂಗಡ್ಡೆ ತಿನ್ನುತ್ತ ಸೇತ್‌ನ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದರು.

ಶುಕ್ರವಾರ ಎಂಟು ಜನ ಹೊರಟರು. ಬೂಟಿನ ಮೊಳೆಗೆ ಗೋಣಿ ಸುತ್ತಿದ್ದರು. ಅದಕ್ಕೆ ಆರ್ಡರು ಇರಲಿಲ್ಲ. ಹದಿನೇಳು ಹೊಳೆ ದಾಟಿದರು. ಒಂದೊಂದು ದಾಟಿದಾಗಲೂ ಸೇತ್ ಮುಂದಿನವನ ಬೆನ್ನಿನಿಂದ ತೊಟ್ಟಿಕ್ಕುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. "ತಾತ, ಇನ್ನೊಂದು ಸಲ ನನ್ನ ಮುಕಳಿ ಕೆಳಗೆ ಕೈಯಿಟ್ರೆ ಒದೀತೀನಿ" ಅಂದ ಮುಂದಿನವನು. ಶನಿವಾರ ಮಧ್ಯಾಹ್ನ ಚಿಂದ್ವಿನ್ ದಡದ ಮೆಳೆಯಲ್ಲಿ ಬಿದ್ದುಕೊಂಡಿದ್ದಾಗ ನಾಲ್ವರು ಜಪಾನಿ ಸಿಪಾಯಿಗಳು ದೋಣಿ ಇಳಿದು ನೇರ ಇವರ ಕಡೆಗೇ ನಡೆದು ಬಂದರು. ಒಬ್ಬ ಮೆಳೆಯ ಹತ್ತಿರ ನಿಂತು ಷರಾಯಿ ಬಿಚ್ಚಿ ಉಚ್ಚೆ ಹೊಯ್ದ. ಅದು ಸೇತ್‌ನ ಮೊಣಕೈಗೆ ಒಂದು ಗೇಣು ದೂರದಲ್ಲಿ ಬಿತ್ತು. ಅವನು ಮೆಳೆಯನ್ನೇ ದಿಟ್ಟಿಸಿ ನೋಡಿದ, ಹೊಯ್ಯುವವರು ಎದುರಿಗಿದ್ದದ್ದನ್ನು ಸುಮ್ಮನೆ ನೋಡುತ್ತಾರಲ್ಲ, ಹಾಗೆ. ಕೊಡವಿದ, ಗುಂಡಿ ಹಾಕಿಕೊಂಡ, ಹೋದ.

ಸೋಮವಾರ ಇಳಿಹೊತ್ತಿಗೆ ಕಂಪನಿಯ ಬೇಲಿಯ ಹತ್ತಿರ ಪಹರೆಗೆ ನಿಂತಿದ್ದವನು ಗಬಿನ್ಸ್. ಹಾದಿಯನ್ನು ಕಣ್ಣು ಬಿಡದೆ ಕಾಯುತ್ತಿದ್ದ. ಎದುರಿನ ಪೊದೆ ಕೆಮ್ಮಿತು. ಗಬಿನ್ಸ್ ಹೌಹಾರಿ ಬಂದೂಕು ಎತ್ತಿದ.

"ಯಾರಲ್ಲಿ!"

"ನಾವೇ ಕಣೋ, ಬಂದೂಕು ಇಳಿಸು. ಆವಾಗಿಂದ ನಿನ್ನ ಮೂಗಿನ ಮುಂದೆ ನಿಂತಿದೀವಿ."

"ಕಾಣ್ಲೇ ಇಲ್ಲ ತಾತ! ಎಷ್ಟು ಜನ ಬಂದ್ರಿ? ಎಲ್ಲ ಬಂದ್ರಾ?"

"ಎಣಿಸ್ಕೋ."

ಗಬಿನ್ಸ್ ಎಣಿಸಿದ. ಏಳು. "ಯಾರು... ಯಾರು ಹೋದ್ರು?"

"ಸರಿಯಾಗಿ ನೋಡೋ, ಕುರುಡಾ! ನನ್ನ ಕಾಲು ಬಿದ್ದು ಹೋಗ್ತಿದೆ," ಅಂದ ಸೇತ್, ಸಿಡಿಮಿಡಿಗೊಂಡು. ಗಬಿನ್ಸ್ ಪೊದೆಯ ಹತ್ತಿರ ಬಂದು ಒಬ್ಬೊಬ್ಬರ ಎದೆಗೂ ಬೆರಳು ಚುಚ್ಚುತ್ತ ಮತ್ತೆ ಮೊದಲಿನಿಂದ ಎಣಿಸಲು ಶುರುಮಾಡಿದ. ಎಂಟನೆಯದು ಒಂದು ಗಿಡದ ಕೊಂಬೆ ಅಂದುಕೊಂಡು ಚುಚ್ಚಿದ. ಗಿಡ ಅವನ ತಾಯಿಯನ್ನು ಹಿಡಿದು ಬೈಯಿತು.